ವಸಂತಮ್ಮ ಮೇಡಂ ಇಲ್ಲದ ಹದಿನಾರು ವಾರ

ಆನೇಕಲ್
14 ಜುಲೈ 2024, ಭಾನುವಾರ

ಸುಕೃತಿ,

ಶುಕ್ರವಾರ ಸ್ಟಾಫ್ ರೂಮಿನಲ್ಲಿ ನೀನೊಂದು ಪ್ರಶ್ನೆ ಕೇಳಿದೆ. “ಈ ಹದಿನಾರು ವಾರದಲ್ಲಿ ಏನೇನು ಎದುರಾಗತ್ತೆ ಮೇಡಂ?” ಅಷ್ಟರಲ್ಲಿ ಬೆಲ್ ಆಯಿತು. ಆಗದಿದ್ದರೂ ಅಷ್ಟುದ್ದದ ಉತ್ತರ ಹೇಳುವ ಸ್ಥಿತಿಯಲ್ಲಿ ನನ್ನ ಗಂಟಲು ಇರಲಿಲ್ಲ. ನಾಳೆ ಆಸ್ಪತ್ರೆಗೆ ಸೇರುತ್ತೇನೆ, ಬುಧವಾರ ಆಪರೇಷನ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಹೆಡ್‌ಮಾಸ್ಟರಿಗೆ ಬಿಟ್ಟರೆ ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಮಕ್ಕಳಿಗೆ ‘ಗಂಟಲು ನೋವು, ರಜೆ’ ಎಂದಷ್ಟೇ ಹೇಳು.

ನಿನಗೆ ತಿಳಿಸುತ್ತಿರುವುದು ನನ್ನ ಒಂಬತ್ತನೇ ತರಗತಿ ನಿನ್ನ ಕೈಗೆ ಬರುತ್ತದೆ ಎಂಬ ಕಾರಣಕ್ಕೆ. ಹದಿನಾರು ವಾರದ ತರಬೇತಿಗೆ ಬಂದ ಬಿ.ಎಡ್. ವಿದ್ಯಾರ್ಥಿಗೆ ಇಡೀ ತರಗತಿ ಒಪ್ಪಿಸಬಾರದು, ಮಾರ್ಗದರ್ಶಕ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂತಿರಬೇಕು ಎಂದು ನಿಮ್ಮ ಕಾಲೇಜಿನವರು ಬರೆದಿದ್ದಾರೆ. ನಮ್ಮಲ್ಲಿ ಕನ್ನಡಕ್ಕೆ ಇರುವುದು ನಾನೊಬ್ಬಳೇ. ‘ಅತಿಥಿ ಶಿಕ್ಷಕರು ಬರುವವರೆಗೆ’ ಎಂದು ಹೇಳಿ ಒಪ್ಪಿಸುತ್ತಾರೆ. ಅವರು ಬರುವುದಿಲ್ಲ.

ಏನು ಎದುರಾಗುತ್ತದೆ? ನಲವತ್ತು ನಿಮಿಷಕ್ಕೆಂದು ಬರೆದುಕೊಂಡ ಪಾಠಯೋಜನೆ ಹದಿನೈದು ನಿಮಿಷಕ್ಕೆ ಮುಗಿದುಹೋಗುತ್ತದೆ. ಗೊತ್ತಿರುವ ಪದಕ್ಕೇ ಅರ್ಥ ಕೇಳಿ ನಿನ್ನನ್ನು ಪರೀಕ್ಷಿಸುತ್ತಾರೆ. ಒಬ್ಬ ನೀರು ಕುಡಿಯಲು ಹೋದರೆ ಏಳು ಜನರಿಗೆ ಬಾಯಾರಿಕೆಯಾಗುತ್ತದೆ. ಊಟದ ನಂತರದ ಅವಧಿಯಲ್ಲಿ ಕೆಲವರು ನಿದ್ದೆ ಹೋಗುತ್ತಾರೆ. ಒಂದೇ ಕೋಣೆಯ ಮನೆ, ಅಪ್ಪ ಅಮ್ಮಂದಿರು ಬೇರೆ ಬೇರೆ ಶಿಫ್ಟು, ಮಕ್ಕಳಿಗೆ ರಾತ್ರಿ ನಿದ್ದೆಯಿಲ್ಲ, ಅವರನ್ನು ಎಬ್ಬಿಸಬೇಡ. ಕಾಲು ಊದಿಕೊಳ್ಳುತ್ತದೆ. ಮೂರನೇ ವಾರ ಅಳು ಬರುತ್ತದೆ. ಕಿರುಚಿ ಪಾಠ ಮಾಡಬೇಡ, ಇದನ್ನು ನನಗಿಂತ ಚೆನ್ನಾಗಿ ಹೇಳುವವರು ಯಾರೂ ಸಿಗಲಾರರು.

ಒಬ್ಬಳ ಬಗ್ಗೆ ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಕಿಟಕಿ ಪಕ್ಕದ ಮಲಕವ್ವ. ಸಿಂದಗಿ ಕಡೆಯವರು, ಅಪ್ಪ ಮುದಕಪ್ಪ ಕಟ್ಟಡದ ಕೆಲಸ. ಹೋದ ವರ್ಷ ಸೇರಿದವಳು ಮೂರು ತಿಂಗಳು ಒಂದು ಮಾತೂ ಆಡಲಿಲ್ಲ. ಈಗ ಆಡುತ್ತಾಳೆ, ಆದರೆ ನನ್ನ ಅವಧಿಯಲ್ಲಿ ಮಾತ್ರ. ಅವಳನ್ನು ನೋಡಿಕೋ.

ನನ್ನದು ಬಟನ್ ಫೋನು, ಅದರಲ್ಲಿ ಉದ್ದುದ್ದ ಒತ್ತುವುದು ನನ್ನಿಂದಾಗದು. ನಮ್ಮ ಅಟೆಂಡರ್ ದೇವರಾಜ್ ಮನೆ ನಮ್ಮ ಬೀದಿಯಲ್ಲೇ ಇದೆ. ಅವನ ಕೈಯಲ್ಲಿ ಕಾಗದ ಕೊಟ್ಟು ಕಳಿಸು.

ವಸಂತಮ್ಮ


ಚಂದಾಪುರ
26 ಜುಲೈ 2024

ಗೌರವದ ವಸಂತಮ್ಮ ಮೇಡಂ,

ಆಪರೇಷನ್ ಆಯಿತು, ಕಣ್ಣು ಬಿಟ್ಟಿದ್ದೀರಿ ಎಂದು ದೇವರಾಜ್ ಅಣ್ಣ ಹೇಳಿದರು. ಇನ್ನೇನು ಕೇಳಬೇಕೋ ನನಗೆ ಗೊತ್ತಾಗಲಿಲ್ಲ.

ನಿಮ್ಮ ಮಾತು ಒಂದೇ ಒಂದು ಕಡೆ ತಪ್ಪಾಯಿತು. ನನ್ನ ಪಾಠ ಹದಿನೈದು ನಿಮಿಷಕ್ಕಲ್ಲ, ಹನ್ನೊಂದಕ್ಕೇ ಮುಗಿಯಿತು. ಉಳಿದ ಹೊತ್ತು ಹಾಜರಿ ಪುಸ್ತಕವನ್ನು ಎರಡು ಸಲ ಕೂಗಿದೆ. ಎರಡನೇ ಸಲ ಅವರು ಒಬ್ಬರ ಹೆಸರಿಗೆ ಇನ್ನೊಬ್ಬರು ‘ಪ್ರೆಸೆಂಟ್ ಮಿಸ್’ ಎಂದರು, ನನಗೆ ತಿಳಿಯಲೇ ಇಲ್ಲ.

ಜಾಲಹಳ್ಳಿಯಿಂದ ಬೊಮ್ಮಸಂದ್ರದ ಶಾಲೆಗೆ ದಿನವೂ ಓಡಾಡಲಾಗದೆ ಇಲ್ಲೊಂದು ಪಿ.ಜಿ.ಯಲ್ಲಿದ್ದೇನೆ. ಅಪ್ಪನಿಗೆ ಇದು ಇಷ್ಟವಿಲ್ಲ. ಮೂವತ್ತೈದು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. “ಬ್ಯಾಂಕ್ ಪರೀಕ್ಷೆ ಬರಿಯೋದು ಬಿಟ್ಟು ಬೊಮ್ಮಸಂದ್ರದಲ್ಲಿ ಏನ್ ಮಾಡ್ತೀಯ?” ಎನ್ನುತ್ತಾರೆ. ಈ ವಾರ ಅದಕ್ಕೊಂದು ಉತ್ತರ ಸಿಕ್ಕಿತು. ಮಲಕವ್ವ ಎದ್ದು ಅರ್ಧ ಪುಟ ಓದಿದಳು. ನಾನು ಕೇಳಿರಲಿಲ್ಲ, ತಾನಾಗಿಯೇ ಎದ್ದಳು. ಓದಿ ಮುಗಿಸಿ ಬಾಗಿಲ ಕಡೆ ನೋಡಿದಳು. ನೀವು ಬರುತ್ತೀರೇನೋ ಎಂಬ ಹಾಗೆ.

ಮೇಡಂ ಯಾವಾಗ ಬರ್ತಾರೆ ಎಂದು ಮಕ್ಕಳು ದಿನವೂ ಕೇಳುತ್ತಾರೆ. ದಸರಾ ಆದ ಮೇಲೆ ಎಂದುಬಿಟ್ಟೆ. ತಪ್ಪಾಯಿತೇ?

ನಿಮ್ಮ ಸುಕೃತಿ


ಆನೇಕಲ್
4 ಆಗಸ್ಟ್ 2024

ಸುಕೃತಿ,

ಮನೆಗೆ ಬಂದಿದ್ದೇನೆ. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು. ಮಾತೆಲ್ಲ ನೋಟ್ ಪುಸ್ತಕದಲ್ಲಿ. ನಾನು ಬರೆದಿದ್ದನ್ನು ನಮ್ಮ ಯಜಮಾನರು ಜೋರಾಗಿ ಓದಿ, ಆಮೇಲೆ ಅದಕ್ಕೆ ಉತ್ತರ ಹೇಳುತ್ತಾರೆ. ಪಕ್ಕದ ಮನೆಯವರು, ಇವರೊಬ್ಬರೇ ಎರಡೂ ಕಡೆ ಜಗಳ ಆಡುತ್ತಿದ್ದಾರೆ ಎಂದುಕೊಂಡಿದ್ದಾರಂತೆ.

ದಸರಾ ಎಂದದ್ದು ತಪ್ಪೇ. ಆದರೆ ಹೇಳಿದ್ದಾಗಿದೆ. ಧ್ವನಿಯಿಲ್ಲದವಳು ಬಂದು ಏನು ಮಾಡಲಿ ಎಂದು ನಾನೂ ಯೋಚಿಸಿಲ್ಲ.

ಫೆಬ್ರವರಿಯಲ್ಲೇ ನನ್ನ ಗಂಟಲು ಕಟ್ಟಿತ್ತು. ಹತ್ತನೆಯವರ ಪರೀಕ್ಷೆ ಮುಗಿಯಲಿ ಎಂದೆ. ಮುಗಿದ ಮೇಲೆ ಶಾಲೆ ಶುರುವಾಗಲಿ ಎಂದೆ. ಆಗಲೇ ಬಂದಿದ್ದರೆ ಇಷ್ಟು ತೆಗೆಯಬೇಕಿರಲಿಲ್ಲ ಎಂದು ಡಾಕ್ಟರು ಬೈದರು. ಇದನ್ನು ಯಾರಿಗೂ ಹೇಳಬೇಡ.

ಸ್ವಾತಂತ್ರ್ಯ ದಿನಕ್ಕೆ ಮಲಕವ್ವನಿಂದ ಎರಡು ನಿಮಿಷ ಮಾತಾಡಿಸು. ಜೂನ್‌ನಲ್ಲೇ ಒಪ್ಪಿಸಿದ್ದೆ. ಅವಳು ಮೈಕಿನ ಮುಂದೆ ನಿಂತದ್ದನ್ನು ನನಗೆ ಬರೆದು ಕಳಿಸು, ಹೇಗೆ ನಿಂತಳು ಎಂಬುದನ್ನೂ ಸೇರಿಸಿ.

ವಸಂತಮ್ಮ


ಚಂದಾಪುರ
18 ಆಗಸ್ಟ್ 2024

ಗೌರವದ ಮೇಡಂ,

ಬರೆಯುವುದು ತಡವಾಯಿತು. ಕಾಲೇಜಿನಿಂದ ಲಕ್ಷ್ಮಯ್ಯ ಸಾರ್ 6ನೇ ತಾರೀಕು ನನ್ನ ಪಾಠ ನೋಡಲು ಬಂದಿದ್ದರು. ಐವತ್ತಕ್ಕೆ ನಲವತ್ತೊಂದು ಕೊಟ್ಟರು. ಪಾಠ ಚೆನ್ನಾಗಿತ್ತು ಎಂದರು.

ಧ್ವಜಾರೋಹಣ ಚೆನ್ನಾಗಿ ನಡೆಯಿತು. ಪಕ್ಕದ ಫ್ಯಾಕ್ಟರಿಯವರು ಮಕ್ಕಳಿಗೆಲ್ಲ ಲಾಡು ಕಳಿಸಿದ್ದರು. ಮಲಕವ್ವನಿಗೆ ಬರಲಾಗಲಿಲ್ಲ. ಜ್ವರ ಎಂದು ತಿಳಿಯಿತು. ಅವಳ ಬದಲು ಬೇರೆ ಹುಡುಗಿ ಮಾತಾಡಿದಳು.

ಆರೋಗ್ಯ ನೋಡಿಕೊಳ್ಳಿ.

ಸುಕೃತಿ


ಆನೇಕಲ್
30 ಆಗಸ್ಟ್ 2024

ಸುಕೃತಿ,

ರೇಡಿಯೇಷನ್ ಶುರುವಾಗಿದೆ. ಕುತ್ತಿಗೆಯ ಚರ್ಮ ಸುಟ್ಟ ಹಾಗಾಗಿದೆ, ನುಂಗುವುದು ಕಷ್ಟ. ಹೆಚ್ಚು ಬರೆಯಲಾರೆ.

ನಿನ್ನ ಹೋದ ಕಾಗದದಲ್ಲಿ ಮಾತು ಕಡಿಮೆ. ಮೂರನೇ ವಾರದ ಅಳು ಎಂದುಕೊಂಡಿದ್ದೇನೆ. ಮಲಕವ್ವನ ಜ್ವರ ಬಿಟ್ಟಿತೇ? ಡೆಂಗ್ಯೂ ಅಲ್ಲವಷ್ಟೇ? ಅವರ ವಠಾರದ ಹಿಂದೆ ನೀರು ನಿಲ್ಲುತ್ತದೆ.

ಒಂದು ಸಾಲಾದರೂ ಬರಿ.

ವಸಂತಮ್ಮ


ಚಂದಾಪುರ
9 ಸೆಪ್ಟೆಂಬರ್ 2024

ಗೌರವದ ಮೇಡಂ,

ಯೋಚನೆ ಮಾಡಬೇಡಿ. ಮಲಕವ್ವ ಹುಷಾರಾಗಿದ್ದಾಳೆ. ಹತ್ತು ದಿನದಿಂದ ಶಾಲೆಗೆ ಬರುತ್ತಿದ್ದಾಳೆ. ಸ್ವಲ್ಪ ಸೊರಗಿದ್ದಾಳೆ, ಆದರೆ ಮಾತು ಹೆಚ್ಚಾಗಿದೆ. ಮೊನ್ನೆ ವ್ಯಾಕರಣದ ಪಾಠದಲ್ಲಿ ಸಂಧಿ ಬಿಡಿಸಲು ಬೋರ್ಡಿನ ಹತ್ತಿರ ಕರೆದೆ. ಐದರಲ್ಲಿ ನಾಲ್ಕು ಸರಿ. ತಪ್ಪಾದ ಐದನೆಯದನ್ನು ತಾನೇ ಒರೆಸಿ ತಿದ್ದಿದಳು. ಹಿಂದಿನ ಬೆಂಚಿನ ಹುಡುಗಿಯರಿಗೆ ಊಟದ ಹೊತ್ತಿನಲ್ಲಿ ಓದಿ ಹೇಳುತ್ತಾಳೆ. ಯಾರೂ ನಗುವುದಿಲ್ಲ. ಹೋದ ವಾರ ಒಬ್ಬ ಹುಡುಗ, “ಮಿಸ್, ಮಲಕವ್ವನ್ನೇ ಓದಕ್ಕೆ ಹೇಳಿ, ಅವಳು ಓದುದ್ರೆ ಕಥೆ ಕೇಳ್ದಂಗೆ ಇರತ್ತೆ” ಎಂದ.

ನೀವು ಊಟ ಮಾಡಿ ಮೇಡಂ. ದಯವಿಟ್ಟು.

ನಿಮ್ಮ ಸುಕೃತಿ


ಆನೇಕಲ್
21 ಸೆಪ್ಟೆಂಬರ್ 2024

ನನ್ನ ಸುಕೃತಿ,

ನಿನ್ನ ಕಾಗದವನ್ನು ಯಜಮಾನರಿಂದ ಮೂರು ಸಲ ಓದಿಸಿದೆ. ತಾನೇ ಒರೆಸಿ ತಿದ್ದಿದಳು ಎಂಬಲ್ಲಿ ನಿಲ್ಲಿಸಿ ಮತ್ತೆ ಓದಿಸಿದೆ. ಅವತ್ತು ಹಾಲಿನಲ್ಲಿ ಕಿವುಚಿದ ಎರಡು ಇಡ್ಲಿ ಒಳಗೆ ಹೋಯಿತು. ನಾಲ್ಕು ದಿನದಿಂದ ಏನೂ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಹಾಗೆಯೇ ಇರುವ ಒಬ್ಬರಿಗೆ ನನ್ನ ನೋಟ್ ಪುಸ್ತಕದಲ್ಲಿ ಮಲಕವ್ವನ ವಿಷಯ ಬರೆದು ತೋರಿಸಿದೆ. ಅವರು ತಮ್ಮ ಪುಸ್ತಕದಲ್ಲಿ ‘ಸಂತೋಷ’ ಎಂದು ಬರೆದರು.

ಒಂದು ಆಸೆ. ಅವಳಿಂದ ನಾಲ್ಕು ಸಾಲು ಬರೆಸಿ ಕಳಿಸು. ಏನಾದರೂ ಬರೆಯಲಿ. ಈ ಚಿಕಿತ್ಸೆ ಮುಗಿಯಲು ಇನ್ನು ಎರಡು ವಾರವಿದೆ. ಆ ಎರಡು ವಾರ ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತೇನೆ.

ನಿನ್ನ ವಸಂತಮ್ಮ


ಚಂದಾಪುರ
27 ಸೆಪ್ಟೆಂಬರ್ 2024

ಗೌರವದ ಮೇಡಂ,

ಮಲಕವ್ವ ಬರೆದದ್ದನ್ನು ಇದರೊಳಗೆ ಇಟ್ಟಿದ್ದೇನೆ. ಅರ್ಧವಾರ್ಷಿಕ ಪರೀಕ್ಷೆಯ ಕೆಲಸವಿರುವುದರಿಂದ ಇಷ್ಟೇ.

ಸುಕೃತಿ

[ಒಳಗಿನ ಹಾಳೆ]

ಪ್ರೀತಿಯ ಮೇಡಂ,
ನೀವು ಹೇಗಿದ್ದೀರಿ? ನಾನು ಚೆನ್ನಾಗಿ ಓದುತ್ತಿದ್ದೇನೆ. ನೀವು ಬೇಗ ಗುಣವಾಗಿ ಬನ್ನಿ. ನಾವೆಲ್ಲರೂ ನಿಮಗಾಗಿ ಕಾಯುತ್ತಿದ್ದೇವೆ.
ಇಂತಿ, ಮಲಕವ್ವ, 9ನೇ ತರಗತಿ


ಆನೇಕಲ್
30 ಸೆಪ್ಟೆಂಬರ್ 2024

ಸುಕೃತಿ,

ಮಲಕವ್ವ ನನ್ನನ್ನು ಒಂದು ದಿನವೂ ಮೇಡಂ ಎಂದವಳಲ್ಲ. ಅವಳ ಊರಿನಲ್ಲಿ ಹೆಂಗಸು ಮೇಷ್ಟ್ರನ್ನು ಕರೆಯುವ ಹಾಗೆ ‘ಅಕ್ಕೋರ’ ಎನ್ನುತ್ತಾಳೆ. ಬರೆಯುವಾಗಲೂ ಹಾಗೇ. ಒಂದು ವರ್ಷ ಅವಳ ಅಕ್ಷರ ತಿದ್ದಿದ್ದೇನೆ. ಇದು ಅವಳ ಕೈಯಲ್ಲ.

ಮಗು ಎಲ್ಲಿ?

ವಸಂತಮ್ಮ


ಜಾಲಹಳ್ಳಿ
6 ಅಕ್ಟೋಬರ್ 2024

ಮೇಡಂ,

ದಸರಾ ರಜೆಗೆ ಮನೆಗೆ ಬಂದಿದ್ದೇನೆ. ಇದನ್ನು ದೇವರಾಜ್ ಅಣ್ಣನ ಕೈಯಲ್ಲಿ ಕೊಡುವ ಧೈರ್ಯವೂ ಇರಲಿಲ್ಲ, ಅಂಚೆಗೆ ಹಾಕುತ್ತಿದ್ದೇನೆ.

ಆ ಹಾಳೆ ಬರೆದದ್ದು ನಾನು. ಎಡಗೈಯಲ್ಲಿ ಬರೆದೆ. ಸೆಪ್ಟೆಂಬರ್ 9ರ ಕಾಗದದಲ್ಲಿ ಅವಳ ಬಗ್ಗೆ ಬರೆದದ್ದೆಲ್ಲ ಸುಳ್ಳು. ಜ್ವರ ಎಂದದ್ದೂ ನನ್ನ ಊಹೆ. ಆಗಸ್ಟ್ 8ರಿಂದ ಮಲಕವ್ವ ಶಾಲೆಗೆ ಬಂದಿಲ್ಲ.

ನಡೆದದ್ದು ಹೀಗೆ. ಲಕ್ಷ್ಮಯ್ಯ ಸಾರ್ ಬಂದ ದಿನ ‘ನಮ್ಮೂರು’ ಎಂಬ ವಿಷಯದ ಮೇಲೆ ಮಕ್ಕಳಿಂದ ಮಾತಾಡಿಸುವ ಪಾಠ ಇಟ್ಟುಕೊಂಡಿದ್ದೆ. ಮಲಕವ್ವ ಮಾತಾಡಿದರೆ ಸಾರ್ ಮೆಚ್ಚುತ್ತಾರೆ ಎಂದು ಅವಳನ್ನೇ ಮೊದಲು ಎಬ್ಬಿಸಿದೆ. ಅವಳು ಎದ್ದು ನಿಂತು ಹೇಳಿದಳು: “ನಮ್ಮ ಮನಿ ಮುಂದ ಹಗೇವು ಐತ್ರಿ. ಅದರಾಗ ಜ್ವಾಳ ತುಂಬತಾರ್ರಿ. ನಾ ಸಣ್ಣಾಕಿದ್ದಾಗ ಅದರಾಗ ಇಳದಿದ್ನಿ.”

ಹಿಂದಿನಿಂದ ಯಾರೋ, “ಏನ್ ಹೇಳ್ತಾವ್ಳೆ ಗುರು ಇವ್ಳು” ಎಂದರು. ಎಲ್ಲರೂ ನಕ್ಕರು. ಸಾರ್ ಪೆನ್ನು ಎತ್ತಿದರು. ನನಗೆ ಗಾಬರಿಯಾಯಿತು. “ಮನಿ ಅಲ್ಲಮ್ಮ, ಮನೆ. ಇಳದಿದ್ನಿ ಅಲ್ಲ, ಇಳಿದಿದ್ದೆ. ಎಲ್ಲಿ, ಶುದ್ಧವಾಗಿ ಇನ್ನೊಂದ್ಸಲ ಹೇಳು” ಎಂದೆ. ಹೇಳಿದಳು. ಮತ್ತೆ ‘ಮನಿ’ ಎಂದಳು. ಇನ್ನೊಂದ್ಸಲ ಎಂದೆ. ಮೂರನೇ ಸಲ ಅವಳ ಬಾಯಿ ಆಡಿತು, ದನಿ ಬರಲಿಲ್ಲ. ತರಗತಿಯೆಲ್ಲ ಜೋರಾಗಿ ನಗುತ್ತಿತ್ತು.

ಮೇಡಂ, ನಾನೂ ನಕ್ಕೆ. ಸಾರ್ ಕಡೆ ನೋಡಿ, ಏನು ಮಾಡೋದು ಹೇಳಿ ಎಂಬ ಹಾಗೆ ನಕ್ಕೆ. ಅದನ್ನು ಅವಳು ನೋಡಿದಳು.

ನನ್ನ ಅಂಕಪಟ್ಟಿಯಲ್ಲಿ ‘ದೋಷ ತಿದ್ದುವ ಕೌಶಲ: ಉತ್ತಮ’ ಎಂದಿದೆ.

ಮರುದಿನ ಬಂದು ತಲೆ ತಗ್ಗಿಸಿ ಕೂತಿದ್ದಳು. ಅದರ ಮರುದಿನದಿಂದ ಇಲ್ಲ. ನೀವು ಜ್ವರ ಹೇಗಿದೆ ಎಂದು ಕೇಳಿದಾಗ ನಿಜ ಬರೆಯಲು ಕೂತೆ. ನೀವು ನುಂಗಲಾಗದೆ ಮಲಗಿರುವುದು ಕಣ್ಣ ಮುಂದೆ ಬಂತು. ನಿಮಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ. ನನಗೋಸ್ಕರವೇ ಬರೆದೆ. ಬರೆಯುತ್ತಾ ಬರೆಯುತ್ತಾ ಅವಳು ಬೋರ್ಡಿನ ಹತ್ತಿರ ನಿಂತಿದ್ದು ನನಗೇ ಕಂಡಂತಾಯಿತು.

ಕ್ಷಮೆ ಕೇಳುವ ಯೋಗ್ಯತೆಯಿಲ್ಲ.

ಸುಕೃತಿ


ಆನೇಕಲ್
22 ಅಕ್ಟೋಬರ್ 2024

ಸುಕೃತಿ,

ಎರಡು ವಾರ ನಿನಗೆ ಬರೆಯಲಿಲ್ಲ. ಪೆನ್ನು ಹಿಡಿದರೆ ಬೈಗುಳವೇ ಬರುತ್ತಿತ್ತು. ಮಾತಿನಲ್ಲಿ ಬೈದರೆ ಆರಿಹೋಗುತ್ತದೆ, ಬರೆದ ಬೈಗುಳ ಉಳಿಯುತ್ತದೆ.

ನಕ್ಕದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಮೊದಲ ವರ್ಷ ನಾನೂ ಒಬ್ಬ ಹುಡುಗನ ಮುಖಕ್ಕೆ ನಕ್ಕಿದ್ದೇನೆ, ಅವನ ಹೆಸರು ಈಗಲೂ ನೆನಪಿದೆ. ಆದರೆ ಹಗೇವು ಎಂದರೇನು ಎಂದು ನೀನು ಕೇಳಲಿಲ್ಲ. ನೆಲದೊಳಗೆ ತೋಡಿ ಜೋಳ ತುಂಬಿಡುವ ಗುಂಡಿ ಅದು. ಅದರೊಳಗೆ ಇಳಿದ ಮಗು ನಿನ್ನೆದುರು ನಿಂತಿದ್ದಳು. ಒಳಗೆ ಹೇಗಿತ್ತು, ಕತ್ತಲಾಗಿತ್ತಾ, ಉಸಿರು ಕಟ್ಟಿತಾ ಎಂದು ಕೇಳಿದ್ದರೆ ನಗುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ನೀನು ಮನಿಯನ್ನು ಮನೆ ಮಾಡುತ್ತಾ ನಿಂತೆ.

ಸಿಟ್ಟು ಬರುವುದು ಆಮೇಲೆ ನೀನು ಮುಚ್ಚಿಟ್ಟ ಆ ಎರಡು ತಿಂಗಳಿಗೆ. ಸುಳ್ಳು ಬರೆಯಲು ಕೂತ ಹೊತ್ತಿನಲ್ಲಿ ಅವರ ವಠಾರಕ್ಕೆ ನಡೆದುಹೋಗಿ ಬರಬಹುದಿತ್ತು. ನಿನ್ನ ಪಿ.ಜಿ.ಯಿಂದ ಹತ್ತು ನಿಮಿಷ.

ಈಗಲಾದರೂ ಹೋಗು. ಮಾರುತಿ ದೇವಸ್ಥಾನದ ಹಿಂದಿನ ಗಲ್ಲಿ, ನೀಲಿ ಗೇಟು, ಕೊನೆಯ ಶೀಟಿನ ಮನೆ.

ನನ್ನ ಚಿಕಿತ್ಸೆ ಮುಗಿದಿದೆ.

ವಸಂತಮ್ಮ


ಚಂದಾಪುರ
28 ಅಕ್ಟೋಬರ್ 2024

ಮೇಡಂ,

ನಿಮ್ಮ ಕಾಗದ ಸಿಕ್ಕ ಸಂಜೆಯೇ ವಠಾರಕ್ಕೆ ಹೋದೆ. ಕೊನೆಯ ಮನೆಯಲ್ಲಿ ಬೇರೆಯವರಿದ್ದರು. ಪಕ್ಕದ ಮನೆಯ ನಾಗಲಕ್ಷ್ಮಮ್ಮ ಎಂಬ ಅಜ್ಜಿ ಹೇಳಿದರು: “ಅವ್ರಾ? ಖಾಲಿ ಮಾಡ್ಕಂಡು ಓದ್ರಲ್ಲಮ್ಮ. ಆವಪ್ಪ ಮ್ಯಾಗಿಂದ ಬಿದ್ದು ಸೊಂಟ ಮುರ್ಕಂಡ. ಸರ್ಜಾಪುರದ ತಾವ ಅಪಾರ್ಟ್‌ಮೆಂಟ್ ಕಟ್ತಾವ್ರಲ್ಲ, ಅಲ್ಲವ್ರೆ.”

ಭಾನುವಾರ ಸರ್ಜಾಪುರಕ್ಕೆ ಹೋದೆ. ಮೂರು ಕಟ್ಟಡಗಳಲ್ಲಿ ಕೇಳಿ ನಾಲ್ಕನೆಯದರಲ್ಲಿ ಸಿಕ್ಕರು. ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಅವಳ ತಾಯಿ ತಲೆಯ ಸಿಂಬೆಯನ್ನೂ ತೆಗೆಯದೆ ಬಂದು ಮಾತಾಡಿಸಿದರು.

“ಪಂಚಮಿ ಹಿಂದಿನ ದಿನ ಬಿದ್ದಾರ್ರಿ. ಮೂರನೇ ಮಾಳಿಗಿಂದ. ಸೊಂಟಕ ರಾಡ್ ಹಾಕ್ಯಾರ.”

ಪಂಚಮಿಯ ಹಿಂದಿನ ದಿನ ಎಂದರೆ ಆಗಸ್ಟ್ 8. ಅವಳು ಶಾಲೆಗೆ ಬಾರದ ಮೊದಲ ದಿನ. ಒಂದು ಕ್ಷಣ ನನ್ನ ಎದೆ ಹಗುರವಾಯಿತು ಮೇಡಂ. ಹಾಗಾದರೆ ಅವಳು ಬಿಟ್ಟದ್ದು ನನ್ನಿಂದಲ್ಲ. ಹಾಗೆ ಹಗುರವಾದದ್ದನ್ನೂ ನಿಮಗೆ ಹೇಳಬೇಕು.

“ಶಾಲೆ ವಿಷಯ ಏನಾದ್ರೂ ಹೇಳಿದ್ಲಾ?” ಎಂದು ಕೇಳಿದೆ.

“ಎಂಟು ದಿನ ಬಿಟ್ಟು ಹೊಕ್ಕೀನಿ ಅಂತಿದ್ಳರಿ. ಆಗ ನಮ್ಮತ್ತಿ ಬಂದಿದ್ಳು, ಕೂಸಿನ್ನ ನೋಡ್ಕೊಂತಿದ್ಳು. ನಾನೂ ಹೋಗು ಅಂದ್ನಿ. ಆಮ್ಯಾಲ ಇಕೀನ, ಯಾರೂ ಕೇಳಾಕ ಬರವಲ್ರು, ನಾ ಹೋಗಂಗಿಲ್ಲ ಅಂದ್ಳು. ಒಬ್ಬರರ ಬಂದು ಕರದಿದ್ರ ಕಳಸ್ತಿದ್ವಿರಿ. ಈಗ ಅತ್ತಿ ಊರಿಗಿ ಹೋದ್ಳು. ನಾ ದುಡೀಬೇಕು. ಕೂಸಿನ್ನ ಯಾರ ನೋಡ್ತಾರ? ಅವರನ್ನ ಯಾರ ಎಬ್ಬಿಸಿ ಕುಂಡ್ರಸ್ತಾರ?”

ಮಲಕವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳುತ್ತಲೇ ಇತ್ತು, ನಾನು ಬಂದಾಗಲೂ ನಿಲ್ಲಲಿಲ್ಲ. ತಾಯಿ ಕರೆದ ಮೇಲೆ ಬಾಗಿಲಿಗೆ ಬಂದಳು. ಎತ್ತರವಾಗಿದ್ದಾಳೆ. ಸೊಂಟದ ಮೇಲೆ ತಮ್ಮ.

“ಅಕ್ಕೋರು ಆರಾಮ ಅದಾರೇನ್ರಿ?” ಎಂದಳು.

ಆಪರೇಷನ್ ಆಯಿತು, ಇನ್ನು ಮಾತು ಬರುವುದಿಲ್ಲ ಎಂದೆ. ಅವಳಿಗೆ ಗೊತ್ತೇ ಇರಲಿಲ್ಲ. ಹಿಟ್ಟಿನ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ, “ಹಂಗಾರ ಪಾಠ ಹೆಂಗ ಮಾಡ್ತಾರ್ರಿ?” ಎಂದು ಕೇಳಿದಳು.

ನನ್ನನ್ನು ಕ್ಷಮಿಸು ಮಲಕವ್ವ ಎಂದೆ. “ಯಾಕ್ರಿ?” ಎಂದಳು. ಮರೆತಿದ್ದಳೋ, ನನ್ನ ಬಾಯಿಂದಲೇ ಬರಲಿ ಎಂದಿತ್ತೋ ತಿಳಿಯಲಿಲ್ಲ. ನನ್ನಿಂದ ಹೇಳಲಾಗಲಿಲ್ಲ. ರೊಟ್ಟಿ ಸೀಯುವ ವಾಸನೆ ಬಂತು. ಒಳಗೆ ಹೋದಳು.

ನವೆಂಬರ್ 15ಕ್ಕೆ ನನ್ನ ಅವಧಿ ಮುಗಿಯುತ್ತದೆ. ಮೌಲ್ಯಮಾಪನ ಪತ್ರವನ್ನು ನೀವೇ ತುಂಬಬೇಕಂತೆ. ಇದ್ದದ್ದನ್ನು ಬರೆಯಿರಿ. ನಾನು ಶಿಕ್ಷಕಿಯಾಗಬೇಕೋ ಬೇಡವೋ ಎಂಬುದನ್ನೂ ನೀವೇ ಹೇಳಿ.

ಸುಕೃತಿ


ಆನೇಕಲ್
17 ನವೆಂಬರ್ 2024

ಸುಕೃತಿ,

ಮೌಲ್ಯಮಾಪನ ಪತ್ರ ತುಂಬಿ ಕಳಿಸಿದೆ. ‘ಪಾಠ ಚೆನ್ನಾಗಿ ಮಾಡುತ್ತಾಳೆ. ಒಬ್ಬ ವಿದ್ಯಾರ್ಥಿನಿಯನ್ನು ಕಳೆದುಕೊಂಡಿದ್ದಾಳೆ. ಅದನ್ನು ತಾನಾಗಿ ಒಪ್ಪಿಕೊಂಡಳು, ತಡವಾಗಿ’ ಎಂದು ಬರೆದೆ. ಹೆಡ್‌ಮಾಸ್ಟರು ಯಜಮಾನರಿಗೆ ಫೋನ್ ಮಾಡಿ, “ಇಂಥದ್ದೆಲ್ಲ ಬರೆದರೆ ಶಾಲೆಗೇ ತೊಂದರೆ ಸಾರ್, ಒಂದು ಗೆರೆ ಹೊಡಿಯೋಕೆ ಹೇಳಿ” ಎಂದರು. ನಾನು ಹೊಡೆಯಲಿಲ್ಲ. ಅವರು ಹೊಡೆದಿದ್ದರೆ ಗೊತ್ತಿಲ್ಲ. ಶಿಕ್ಷಕಿಯಾಗಬೇಕೋ ಬೇಡವೋ ಎಂದು ಕೇಳಿದ್ದೀಯ. ಆಗಬೇಡ ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಆಗು ಎನ್ನಲು ಈಗ ಕೈ ಬರುತ್ತಿಲ್ಲ. ನಾನು ಸ್ವಯಂ ನಿವೃತ್ತಿಗೆ ಬರೆದುಕೊಟ್ಟಿದ್ದೇನೆ.

ಹೋದ ಭಾನುವಾರ ಸರ್ಜಾಪುರಕ್ಕೆ ಹೋಗಿದ್ದೆ. ದೇವರಾಜ್ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. ಧೂಳು ಒಳಗೆ ಹೋಗದಿರಲೆಂದು ಕುತ್ತಿಗೆಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದೆ. ವಾಚ್‌ಮನ್ ನನ್ನೊಬ್ಬಳನ್ನೇ ಬಿಟ್ಟ. ದೇವರಾಜ್ ಗೇಟಿನಲ್ಲೇ ಉಳಿದ.

ಮಲಕವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಅಳಲಿಲ್ಲ. ಹತ್ತಿರ ಬಂದು ಕುತ್ತಿಗೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಮುಟ್ಟಿ, “ನೋಯ್ತದೇನ್ರಿ?” ಎಂದಳು. ಇಲ್ಲ ಎಂದು ತಲೆಯಾಡಿಸಿದೆ.

ಮುದಕಪ್ಪ ಹಲಗೆಯ ಮೇಲೆ ಮಲಗಿದ್ದ. ಅವನಿಗೂ ಹೆಂಡತಿಗೂ ಓದು ಬಾರದು. ನಾನು ಪುಸ್ತಕದಲ್ಲಿ ಬರೆದೆ, ಮಲಕವ್ವ ಅವರಿಗೆ ಓದಿ ಹೇಳಿದಳು. ‘ಈಗ ಹೇಗಿದ್ದೀರಿ’ ಎಂದು ಬರೆದದ್ದನ್ನು “ಈಗ ಹೆಂಗ ಅದೀರಿ ಅಂತಾರಪ್ಪ” ಎಂದು ಓದಿದಳು. ಕೂಸಿನ ಹೆಸರು ಕೇಳಿದೆ, ಬಸಲಿಂಗ ಎಂದರು. ಎಲ್ಲೂ ತಡವರಿಸದೆ, ಹೊರಗಿನ ಮಿಕ್ಸರ್ ಯಂತ್ರದ ಸದ್ದನ್ನೂ ಮೀರಿ ಕೇಳುವಂತೆ ಓದುತ್ತಿದ್ದಳು. ಮೈಕಿನ ಮುಂದೆ ಹೇಗೆ ನಿಂತಾಳು ಎಂದು ನಾನು ಜೂನ್‌ನಿಂದ ನೆನೆಸುತ್ತಿದ್ದೆನೋ ಹಾಗೆ ನಿಂತಿದ್ದಳು.

ಆಮೇಲೆ ನಾನು ಬಂದ ಕೆಲಸವನ್ನು ಬರೆದೆ. ‘ಮಲಕವ್ವನನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ಆನೇಕಲ್ಲಿನ ಶಾಲೆಗೆ ಸೇರಿಸುತ್ತೇನೆ. ಕೂಸನ್ನೂ ನಿಮ್ಮನ್ನೂ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡುತ್ತೇನೆ. ದಯವಿಟ್ಟು ಕಳಿಸಿಕೊಡಿ.’

ಅವಳು ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಎರಡು ಸಲ ಓದಿದಳು, ಕಣ್ಣು ಮತ್ತೆ ಮೇಲಿನ ಸಾಲಿಗೆ ಹೋದದ್ದನ್ನು ನಾನು ನೋಡಿದೆ.

“ಏನ್ ಬರದಾರವ್ವ?” ಎಂದು ತಾಯಿ ಕೇಳಿದಳು.

ಮಲಕವ್ವ ಅಪ್ಪನನ್ನು ನೋಡಿದಳು. “ಲಗೂ ಆರಾಮಾಗ್ಲಿ ಅಂತ ಬರದಾರ. ಗುಳಿಗಿ ಬಿಡಬ್ಯಾಡ್ರಿ ಅಂತ.”

ಮುದಕಪ್ಪ ಮಲಗಿದಲ್ಲೇ ಕೈ ಮುಗಿದ. “ದೊಡ್ಡವರ್ರಿ ನೀವು. ಇಂಥಾದ್ರಾಗೂ ನಮ್ಮನ್ನ ನೋಡಾಕ ಬಂದ್ರಿ.”

ನಾನು ಬಾಯಿ ತೆರೆದೆ. ಕುತ್ತಿಗೆಯಿಂದ ಬರೀ ಗಾಳಿ ಬಂತು. ಅಲ್ಲ, ಅಲ್ಲ ಎಂದು ತಲೆಯಾಡಿಸಿದೆ, ಪುಟದ ಮೇಲೆ ಬೆರಳಿಟ್ಟು ತೋರಿಸಿದೆ. ನನಗೆ ನೋವಾಗುತ್ತಿದೆ ಎಂದುಕೊಂಡು ತಾಯಿ ನೀರು ತರಲು ಓಡಿದಳು. ಮಲಕವ್ವ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. “ಚಾ ಕುಡೀರಿ ಅಕ್ಕೋರ” ಎಂದಳು.

ಕುಡಿದೆ.

ಗೇಟಿನವರೆಗೂ ಕೂಸನ್ನೆತ್ತಿಕೊಂಡು ಜೊತೆಗೆ ಬಂದಳು. ಸ್ಕೂಟರಿನ ಹತ್ತಿರ ದೇವರಾಜ್ ನಿಂತಿದ್ದ. ಅವನಿಗೆ ಓದು ಬರುತ್ತದೆ. ವಾಚ್‌ಮನ್‌ನನ್ನು ಒಪ್ಪಿಸಿ ಅವನನ್ನು ಒಳಗೆ ಕರೆದುಕೊಂಡು ಹೋಗಿ ಆ ಪುಟ ಓದಿಸಿದರೆ ಆಯಿತು. ನಾನು ಪುಸ್ತಕ ತೆರೆದದ್ದನ್ನು ಕಂಡು ಅವಳು ನನ್ನ ಕೈ ಹಿಡಿದಳು.

“ಬ್ಯಾಡ್ರಿ ಅಕ್ಕೋರ. ಅಪ್ಪ ಹೂಂ ಅಂತಾನ.”

ನಾನು ಅವಳ ಮುಖ ನೋಡಿದೆ. “ಕೇಳಿದ್ರ ಹೂಂ ಅಂತಾನ್ರಿ. ಅದಕ್ಕ ಬ್ಯಾಡ” ಎಂದಳು. ಕೂಸು ಅಳತೊಡಗಿತು. ಅದನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ವಾಪಸು ಹೋದಳು.

ಮನೆಗೆ ಬಂದ ಮೇಲೆ ಯಜಮಾನರು ಪುಸ್ತಕ ತೆಗೆದು ಆ ಪುಟವನ್ನು ಎಂದಿನಂತೆ ಜೋರಾಗಿ ಓದಿದರು. ಓದಿ, “ಏನಂದ್ರು?” ಎಂದರು.

ಅದರ ಕೆಳಗೆ ಬರೆದೆ: ‘ಕೇಳಲಿಲ್ಲ.’

ವಸಂತಮ್ಮ